ನೆಲುವಿನ ಹಗ್ಗ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಾಲ್ಕು ದಾರಿ ಕೂಡುತ್ತವೆ. ಒಂದು ತುಮಕೂರಿನ ಮೇಲೆ ಬೆಂಗಳೂರಿಗೆ, ಇನ್ನೊಂದು ತಿಪಟೂರು ದಾಟಿ ಅರಸೀಕೆರೆಗೆ, ಮೂರನೆಯದು ತುರುವೇಕೆರೆಗೆ, ನಾಲ್ಕನೆಯದು ಚಿಕ್ಕನಾಯಕನಹಳ್ಳಿಗೆ. ಸುತ್ತಲ ಊರುಗಳಿಂದ ದೊಡ್ಡಾಸ್ಪತ್ರೆಗೆ ಹೊರಟವರು ಬಸ್ಸಿಗೆ ಕಾಯುವುದು ಇಲ್ಲೇ. ಸ್ಕ್ಯಾನಿಂಗಿನ ದೊಡ್ಡ ಲಕೋಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತ ಹೆಂಗಸರ ನಡುವೆ ಕಿವಿಗೆ ಬೀಳುವ ಮಾತು ಹೆಚ್ಚೂಕಡಿಮೆ ಒಂದೇ ಥರ.

"ಏನಕ್ಕಾ, ತುಮ್ಕೂರಿಗಾ?"

"ಹೂಂ ಕಣವ್ವ. ಗರ್ಭಕೋಶ ಜಾರೈತಂತೆ. ತೆಗೆಸ್ಬೇಕಂತೆ."

ಜಾರಿದೆ, ತೆಗೆಸಬೇಕು. ಈ ಎರಡು ಮಾತು ಈಗ ಅಂಟಿಕೊಂಡೇ ಹುಟ್ಟಿದವು ಎನ್ನುವಂತೆ ಒಟ್ಟಿಗೆ ಬರುತ್ತವೆ. ಆದರೆ ಜಾರಿದ್ದನ್ನು ಎತ್ತಿ ಕಟ್ಟುವ ವಿದ್ಯೆಗೆ ನೂರಾ ಮೂವತ್ತು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಅದರ ಒಂದು ಮುಖ್ಯ ಅಧ್ಯಾಯವನ್ನು ಬರೆದವರು ಹುಬ್ಬಳ್ಳಿಯಲ್ಲಿ ಶಾಲೆ ಕಲಿತ ಒಬ್ಬ ಡಾಕ್ಟರು. ಆ ವಿದ್ಯೆ ನಮ್ಮ ತೆಂಗಿನ ಸೀಮೆಯ ಹೆಂಗಸರ ಕಿವಿಗೆ ಬೀಳದೆ ಹೋದದ್ದು ಹೇಗೆ ಎಂಬುದೇ ಈ ಬರಹದ ವಿಷಯ.

ಮೊದಲು ಕಾಯಿಲೆಯನ್ನು ತಿಳಿಯೋಣ. ಗರ್ಭಕೋಶ ಒಂದು ಸೀಬೆಕಾಯಿಯಷ್ಟು ದೊಡ್ಡದು. ಹಳೆಯ ಮನೆಗಳಲ್ಲಿ ಬೆಣ್ಣೆ ಗಡಿಗೆಯನ್ನು ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಇಡುತ್ತಿದ್ದರಲ್ಲ, ಹಾಗೆ ಅದನ್ನು ಸೊಂಟದ ಮೂಳೆಗಳಿಂದ ಹೊರಟ ಲಿಗಮೆಂಟುಗಳೆಂಬ ಗಟ್ಟಿ ನಾರಿನ ಕಟ್ಟುಗಳು ಹಿಡಿದಿವೆ. ಕೆಳಗಿನಿಂದ ಸ್ನಾಯುಗಳ ಒಂದು ಹಾಸು ಆನಿಸಿ ನಿಂತಿದೆ. ಮುಂದೆ ಮೂತ್ರಕೋಶ, ಹಿಂದೆ ಮಲಾಶಯ. ಹೆರಿಗೆಯಲ್ಲಿ ಮಗುವಿನ ತಲೆ ಈ ಹಾಸನ್ನು ಸೀಳುವಷ್ಟು ಹಿಗ್ಗಿಸಿ ಹೊರಬರುತ್ತದೆ. ನೋವು ಎರಡು ಮೂರು ದಿನ ಎಳೆದರೆ, ಗರ್ಭದ ಬಾಯಿ ಪೂರ್ತಿ ತೆರೆಯುವ ಮೊದಲೇ "ಮುಕ್ಕು, ಮುಕ್ಕು" ಎಂದು ಒತ್ತಾಯ ಮಾಡಿದರೆ, ಹೆರಿಗೆಯ ಮೇಲೆ ಹೆರಿಗೆಯಾದರೆ, ಮೈ ಆರುವ ಮುಂಚೆಯೇ ಭಾರ ಹೊತ್ತರೆ ನೆಲುವಿನ ಹಗ್ಗ ಸಡಿಲವಾಗುತ್ತದೆ, ಹಾಸು ಹರಿಯುತ್ತದೆ. ಮುಟ್ಟು ನಿಂತ ಮೇಲೆ ಹಾರ್ಮೋನು ಕಡಿಮೆಯಾಗಿ ಉಳಿದ ಬಿಗಿಯೂ ಹೋಗುತ್ತದೆ. ಆಗ ಗರ್ಭಕೋಶ ಯೋನಿಯೊಳಕ್ಕೆ, ಕೆಲವರಿಗೆ ಪೂರ್ತಿ ಹೊರಕ್ಕೇ ಇಳಿಯುತ್ತದೆ. ಅದರ ಜೊತೆಗೆ ಮೂತ್ರಕೋಶವೂ ಮಲಾಶಯವೂ ಉಬ್ಬಿ ಇಳಿಯಬಹುದು. ಕೂತರೆ ಒತ್ತು, ನಡೆದರೆ ಉಜ್ಜು, ಕೆಮ್ಮಿದರೆ ಮೂತ್ರ.

ಈ ಸೀಮೆಯ ದುಡಿಮೆಯನ್ನು ಬಲ್ಲವರಿಗೆ ಮೇಲಿನ ಕಾರಣಗಳನ್ನು ಬಿಡಿಸಿ ಹೇಳಬೇಕಿಲ್ಲ. ತಿಪಟೂರಿನ ಉಂಡೆ ಕೊಬ್ಬರಿಗೆ ದೇಶದ ತುಂಬ ಹೆಸರಿದೆ. ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಒಳಗೇ ಒಣಗಲು ಬಿಟ್ಟು, ಆಮೇಲೆ ಸುಲಿದು ಒಡೆದರೆ ಆ ಉಂಡೆ ಸಿಗುತ್ತದೆ. ಮರ ಹತ್ತುವವನು, ಸುಲಿಯುವವನು ಗಂಡಸು. ತೋಟದಿಂದ ಮನೆಗೆ ಕಾಯಿ ಹೊರುವುದು, ಅಟ್ಟಕ್ಕೆ ಕೈಯಿಂದ ಕೈಗೆ ದಾಟಿಸುವುದು, ಮಟ್ಟೆ ಗರಿ ಎಳೆದು ಒಟ್ಟುವುದು, ನಾರಿನ ಮಿಲ್ಲಿನಲ್ಲಿ ಬಗ್ಗಿ ನಿಲ್ಲುವುದು ಬಹುಪಾಲು ಹೆಂಗಸಿನ ಕೆಲಸ. ಇದರ ಮೇಲೆ ಹಿಂದೆಲ್ಲ ಸೇದುವ ಬಾವಿಯ ನೀರು, ರಾಗಿ ಬೀಸುವ ಕಲ್ಲು, ಒಲೆಯ ಹೊಗೆಯಿಂದ ಬಿಡದ ಕೆಮ್ಮು. ಚೊಚ್ಚಲ ಬಾಣಂತನಕ್ಕೆ ತವರು ಮೂರರಿಂದ ಐದು ತಿಂಗಳು ಇಟ್ಟುಕೊಳ್ಳುತ್ತಿತ್ತು. ಹೊಟ್ಟೆ ಕಟ್ಟಿ, ಬಿಸಿನೀರು ಹುಯ್ದು, ಭಾರ ಎತ್ತಲು ಬಿಡದೆ ನೋಡಿಕೊಳ್ಳುತ್ತಿತ್ತು. ಆ ಪದ್ಧತಿಯಲ್ಲಿ ದೊಡ್ಡ ತಿಳಿವಳಿಕೆಯಿತ್ತು ಎಂದು ನಾನು ನಂಬಿದ್ದೇನೆ. ಆದರೆ ಮೂರನೆಯ, ನಾಲ್ಕನೆಯ ಹೆರಿಗೆಗೆ ಆ ಸುಖವಿರಲಿಲ್ಲ. ಕೂಲಿಗೆ ಹೋಗುವವರಿಗೆ ಮೊದಲನೆಯದಕ್ಕೂ ಇರಲಿಲ್ಲ.

ನಮ್ಮದೇ ಜಿಲ್ಲೆಯ ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಲೆಕ್ಕ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ಕೈ ಎಲ್ಲ ಊರಿಗೂ ಇರಲಿಲ್ಲ. ಮನೆಯ ಕತ್ತಲ ಕೋಣೆಯಲ್ಲಿ ಹರಿದ ಹಾಸನ್ನು ಹೊಲಿಯುವವರು ಯಾರೂ ಇರಲಿಲ್ಲ. ಹೆಣ್ಣು ಜಾರಿದ ಗರ್ಭಕೋಶವನ್ನು ಬಟ್ಟೆಯಲ್ಲಿ ಬಿಗಿದುಕೊಂಡು, ಕೈಯಿಂದ ಒಳಕ್ಕೆ ತಳ್ಳಿಕೊಂಡು ಇಪ್ಪತ್ತು ಮೂವತ್ತು ವರ್ಷ ಗೇಯುತ್ತಿದ್ದಳು. ಗಂಡನಿಗೂ ಹೇಳುತ್ತಿರಲಿಲ್ಲ. ರಾಣಿ ಬಂಗ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ 650 ಹೆಂಗಸರನ್ನು ಪರೀಕ್ಷೆ ಮಾಡಿ 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮುಂಚೆ ಡಾಕ್ಟರಿಗೆ ತೋರಿಸಿದ್ದವರು ನೂರಕ್ಕೆ 8. ಆ ಅಂಕಿ ಹೊರಬೀಳುವವರೆಗೆ ದೇಶಕ್ಕೆ ಈ ಸಂಕಟ ಕಂಡೇ ಇರಲಿಲ್ಲ.

ಕಾಯಿಲೆ ಹೊಸದಲ್ಲ. ಸುಶ್ರುತ ಸಂಹಿತೆ ಇದನ್ನು ಪ್ರಸ್ರಂಸಿನೀ ಎಂದು ಹೆಸರಿಟ್ಟು ಕರೆಯಿತು. ತುಪ್ಪ ಸವರಿ, ಹಾಲಿನ ಶಾಖ ಕೊಟ್ಟು, ಒಳಕ್ಕೆ ಸರಿಸಿ ಕಟ್ಟು ಕಟ್ಟಬೇಕೆಂದು ಹೇಳಿತು. ಗ್ರೀಕರು ಹೆಣ್ಣನ್ನು ಏಣಿಗೆ ತಲೆಕೆಳಗಾಗಿ ಕಟ್ಟಿ ಕುಲುಕುತ್ತಿದ್ದರು, ಇಲ್ಲವೇ ಅರ್ಧ ದಾಳಿಂಬೆಯನ್ನು ಒಳಗಿಟ್ಟು ತಡೆಯುತ್ತಿದ್ದರು. ಆ ದಾಳಿಂಬೆಯ ಮೊಮ್ಮಗಳೇ ಇಂದಿನ ಪೆಸರಿ, ಅಂದರೆ ಗರ್ಭಕೋಶವನ್ನು ಆನಿಸಿ ಹಿಡಿಯುವ ರಬ್ಬರಿನ ಅಥವಾ ಸಿಲಿಕೋನಿನ ಬಳೆ. 1813ರಲ್ಲಿ ಜರ್ಮನಿಯ ಕೊನ್ರಾಡ್ ಲಾಂಗೆನ್‌ಬೆಕ್ ಯೋನಿಯ ಮೂಲಕವೇ ಗರ್ಭಕೋಶ ತೆಗೆದರು. ಅರಿವಳಿಕೆ ಇನ್ನೂ ಬಂದಿರದ ಕಾಲ. ಜೊತೆಯ ವೈದ್ಯರು ಆ ಮಾತನ್ನು ನಂಬಲಿಲ್ಲ. ಆ ತಾಯಿ ಇನ್ನೂ 26 ವರ್ಷ ಬದುಕಿದಳು. ಸತ್ತ ಮೇಲೆ ದೇಹ ಪರೀಕ್ಷೆಯಾಗಿಯೇ ಅವರ ಮಾತು ನಿಜವೆಂದು ತೀರ್ಮಾನವಾಯಿತು.

ತೆಗೆಯದೆ ಕಟ್ಟುವ ಕೆಲಸ ಗಟ್ಟಿಯಾಗಿ ಶುರುವಾದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, 1888ರಲ್ಲಿ. ಹತ್ತಿ ಗಿರಣಿಗಳ ಊರು ಅದು. ಡಾ. ಆರ್ಚಿಬಾಲ್ಡ್ ಡೊನಾಲ್ಡ್ ಅಲ್ಲಿ, ಜಾರಿ ಉದ್ದವಾಗಿದ್ದ ಗರ್ಭಕಂಠದ ತುದಿಯನ್ನು ಕತ್ತರಿಸಿ, ಸಡಿಲಬಿದ್ದ ಯೋನಿಯ ಗೋಡೆಗಳನ್ನು ಮುಂದೆಯೂ ಹಿಂದೆಯೂ ಬಿಗಿ ಮಾಡಿ ಹೊಲಿದರು. ಅವರ ನಂತರ ಫಾದರ್‌ಗಿಲ್ ಎಂಬವರು ಅಕ್ಕಪಕ್ಕದ ಲಿಗಮೆಂಟುಗಳನ್ನು ಎಳೆದು ಕಂಠದ ಮುಂದೆ ಕೂಡಿಸುವ ಕ್ರಮವನ್ನು ತಿದ್ದಿ ಗಟ್ಟಿ ಮಾಡಿದರು. ಗಡಿಗೆ ಅಲ್ಲೇ ಉಳಿಯಿತು, ಹಗ್ಗ ಬಿಗಿಯಾಯಿತು. ಹೊಟ್ಟೆ ಕೊಯ್ಯಬೇಕಿರಲಿಲ್ಲ, ಯೋನಿಯ ದಾರಿಯಲ್ಲೇ ಎಲ್ಲ ಮುಗಿಯುತ್ತಿತ್ತು. ಸ್ತ್ರೀರೋಗದ ಪುಸ್ತಕಗಳಲ್ಲಿ ಇದು ಇಂದಿಗೂ ಮ್ಯಾಂಚೆಸ್ಟರ್ ಆಪರೇಷನ್, ಇಲ್ಲವೇ ಫಾದರ್‌ಗಿಲ್ ಆಪರೇಷನ್.

ಆದರೆ ನಮ್ಮ ದೇಶದಲ್ಲಿ ಒಂದು ತೊಡಕಿತ್ತು. ಇಂಗ್ಲೆಂಡಿನಲ್ಲಿ ಬರುತ್ತಿದ್ದವರು ಹೆಚ್ಚಾಗಿ ಹೆತ್ತು ಮುಗಿಸಿದವರು. ಇಲ್ಲಿ ಇಪ್ಪತ್ತು ಇಪ್ಪತ್ತೈದರ ಹುಡುಗಿಯರು ಬರುತ್ತಿದ್ದರು; ಒಂದೇ ಮಗುವಾದವರು, ಕೆಲವೊಮ್ಮೆ ಮಗುವೇ ಆಗದವರು. ಕಂಠ ಕತ್ತರಿಸಿದರೆ ಮುಂದೆ ಬಸಿರು ನಿಲ್ಲುವುದು ಕಷ್ಟ, ನಿಂತರೂ ದಿನ ತುಂಬುವ ಮುಂಚೆ ಹೋಗುವ ಭಯ. ಈ ತೊಡಕಿಗೆ ಕೈ ಹಾಕಿದವರು ಡಾ. ವಿಠಲ ನಾಗೇಶ ಶಿರೋಡ್ಕರ್. 1899ರಲ್ಲಿ ಗೋವೆಯ ಶಿರೋಡಾದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಓದಿ, ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರಾಗಿ, ಇಂಗ್ಲೆಂಡಿನಲ್ಲಿ 1931ರಲ್ಲಿ ಎಫ್.ಆರ್.ಸಿ.ಎಸ್. ಪಡೆದು ಬಂದವರು. ಗರ್ಭ ನಿಲ್ಲದ ಹೆಂಗಸರಿಗೆ ಗರ್ಭದ ಬಾಯಿಗೆ ಹಾಕುವ ಹೊಲಿಗೆಯಿಂದ ಅವರ ಹೆಸರು 1955ರಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಆ ಹೊಲಿಗೆಯ ಕೀರ್ತಿಯ ನೆರಳಿನಲ್ಲಿ ಅವರ ಇನ್ನೊಂದು ಕೆಲಸ ಮಸುಕಾಗಿದೆ.

ಆ ಕೆಲಸದಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಕಂಠವನ್ನು ಕತ್ತರಿಸದೆ ಬಿಟ್ಟು, ಹಿಂದಿನ ಲಿಗಮೆಂಟುಗಳನ್ನು ಬಿಡಿಸಿ ತಂದು, ಕಂಠದ ಮುಂದೆ ಒಂದರ ಮೇಲೊಂದು ಅಡ್ಡಹಾಯಿಸಿ ಹೊಲಿದರು. ಸೊಂಟಕ್ಕೆ ಪಂಚೆಯನ್ನು ಅಡ್ಡ ಬಿಗಿದಂತೆ. ಎರಡನೆಯದು ಇನ್ನೂ ಧೈರ್ಯದ್ದು. ಹೊಟ್ಟೆಯ ಮೂಲಕ ಹೋಗಿ, ಆಕೆಯ ತೊಡೆಯಿಂದಲೇ ತೆಗೆದ ಗಟ್ಟಿ ಪೊರೆಯ ಪಟ್ಟಿಯನ್ನು ಗರ್ಭಕಂಠದ ಹಿಂಬದಿಗೆ ಹೊಲಿದು, ಅದರ ಮತ್ತೊಂದು ತುದಿಯನ್ನು ಬೆನ್ನುಮೂಳೆಯ ಬುಡಕ್ಕೆ ಕಟ್ಟಿದರು. ಹಳೆಯ ನೆಲುವು ಹರಿದಿದ್ದರೆ ಹೊಸ ನೆಲುವು. ಮಗು ಬೇಕೆನ್ನುವ ಹುಡುಗಿಯ ಗರ್ಭಕೋಶ ಹೀಗೆ ಉಳಿಯಿತು. ಶಿರೋಡ್ಕರರಿಗೆ 1960ರಲ್ಲಿ ಪದ್ಮಭೂಷಣ, 1971ರಲ್ಲಿ ಪದ್ಮವಿಭೂಷಣ ಬಂದವು. ತೀರಿಕೊಂಡದ್ದೂ 1971ರಲ್ಲೇ.

ಈ ದಾರಿ ಅಲ್ಲಿಗೇ ನಿಲ್ಲಲಿಲ್ಲ. ಮುಂಬಯಿಯ ಡಾ. ಬಿ.ಎನ್. ಪುರಂದರೆ ಗರ್ಭಕಂಠವನ್ನು ಹೊಟ್ಟೆಯ ಮುಂಭಾಗದ ಗಟ್ಟಿ ಪೊರೆಗೆ ಕಟ್ಟುವ ಸುಲಭ ಕ್ರಮ ತೋರಿಸಿದರು. ಖನ್ನಾ ಅವರು ಸೊಂಟದ ಎರಡೂ ಕಡೆ ಮುಂದಕ್ಕೆ ಚಾಚಿದ ಮೂಳೆಯ ಮೊನೆಗಳಿಗೆ ಕಟ್ಟಿದರು. ವಿರ್ಕುಡ್ ಅವರು ಒಂದು ತುದಿಯನ್ನು ಬೆನ್ನಿನ ಬುಡಕ್ಕೆ, ಇನ್ನೊಂದನ್ನು ಹೊಟ್ಟೆಯ ಪೊರೆಗೆ ಕಟ್ಟಿ ಎರಡರ ಗುಣವನ್ನೂ ಕೂಡಿಸಿದರು. ತೊಡೆಯ ಪೊರೆಯ ಬದಲು ಮರ್ಸಿಲೀನ್ ಎಂಬ ನೇಯ್ದ ಟೇಪು ಬಂತು. ಒಂದೇ ಕಾಯಿಲೆಗೆ ಇಷ್ಟು ಬಗೆಯ ನೆಲುವುಗಳನ್ನು ನೇಯ್ದ ಹೆಮ್ಮೆ ಈ ದೇಶದ ಶಸ್ತ್ರವೈದ್ಯರದು. ಕರ್ನಾಟಕದಲ್ಲಿ ಸ್ತ್ರೀರೋಗ ಕಲಿಯುವ ಪ್ರತಿ ವಿದ್ಯಾರ್ಥಿಯೂ ಈ ಹೆಸರುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುತ್ತಾನೆ. ಪರೀಕ್ಷೆ ಮುಗಿಸಿ ತಾಲ್ಲೂಕಿಗೆ ಬಂದ ಮೇಲೆ ಅವನ ಕೈಯಿಂದ ಹೆಚ್ಚಾಗಿ ಆಗುವುದು ಬೇರೆಯದೇ.

ಅದಕ್ಕೆ ಕಾರಣಗಳಿದ್ದವು, ಎಲ್ಲವೂ ಕೆಟ್ಟವಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ಹೆಂಗಸರಿಗೆಂದೇ ದೊಡ್ಡ ಆಸ್ಪತ್ರೆಗಳು ಬೆರಳೆಣಿಕೆ. ವೆಸ್ಲಿಯನ್ ಮಿಷನ್ 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆಯಿತು. 1935ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ಆಯಿತು. ತಿಪಟೂರು, ತುರುವೇಕೆರೆಯ ಹೆಣ್ಣು ಅಲ್ಲಿಗೆ ತಲುಪುವ ಹೊತ್ತಿಗೆ ವಯಸ್ಸು ಐವತ್ತು ಅರವತ್ತಾಗಿ, ಹೊರಬಿದ್ದ ಭಾಗ ಉಜ್ಜಿ ಹುಣ್ಣಾಗಿರುತ್ತಿತ್ತು. ಹೆತ್ತು ಮುಗಿಸಿದ, ಮುಟ್ಟು ನಿಂತ ಅಂಥ ತಾಯಿಗೆ ಯೋನಿಯ ಮೂಲಕ ಗರ್ಭಕೋಶ ತೆಗೆದು, ಮುಂದಿನ ಹಿಂದಿನ ಗೋಡೆಗಳನ್ನು ಹೊಲಿದು ಬಿಗಿ ಮಾಡುವುದು ಸರಿಯಾದ ಚಿಕಿತ್ಸೆಯೇ. ವಾರ್ಡ್–ಮೇಯೋ ಎಂದು ನಮ್ಮ ಡಾಕ್ಟರುಗಳು ಕರೆಯುವ ಈ ಆಪರೇಷನ್ನು ಸಾವಿರಾರು ಅಜ್ಜಿಯರಿಗೆ ನೆಟ್ಟಗೆ ಕೂರುವ, ನಡೆಯುವ ಸುಖವನ್ನು ಮರಳಿ ಕೊಟ್ಟಿದೆ. ಅದಕ್ಕೆ ನಾವು ಋಣಿಗಳು.

ದಾರಿ ತಪ್ಪಿದ್ದು ಆಮೇಲೆ. ಎಪ್ಪತ್ತರ ದಶಕದಿಂದ ಹಳ್ಳಿ ಹಳ್ಳಿಗೆ ಸಂತಾನಹರಣ ಶಿಬಿರಗಳು ಬಂದವು. ಹದಿನೆಂಟಕ್ಕೆ ಮದುವೆ, ಇಪ್ಪತ್ತೆರಡಕ್ಕೆ ಎರಡು ಮಕ್ಕಳು, ಅಲ್ಲಿಗೆ ಆಪರೇಷನ್. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯ ವೇಳೆಗೆ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ 57 ಮಂದಿ ಈ ಆಪರೇಷನ್ ಆದವರು. "ಮಕ್ಕಳಾದವು, ಆಪರೇಷನ್ನೂ ಆಯ್ತು, ಇನ್ನು ಅದಿದ್ದು ಏನು ಉಪಯೋಗ" ಎಂಬ ಮಾತು ಮೂವತ್ತರ ಹೆಣ್ಣಿನ ಬಾಯಲ್ಲೇ ಬರತೊಡಗಿತು. ಡಾಕ್ಟರು ಅದನ್ನು ಕೇಳಿಸಿಕೊಂಡರು. ಬಿಳಿಸೆರಗಿಗೂ ಗರ್ಭಕೋಶ ತೆಗೆಯುವುದೇ ಮದ್ದು, ಹೆಚ್ಚು ಮುಟ್ಟಿಗೂ ಅದೇ, ಸೊಂಟನೋವಿಗೂ ಅದೇ, ಸ್ವಲ್ಪ ಜಾರಿದ್ದಕ್ಕೂ ಅದೇ.

ಹಣದ ದಾರಿಯೂ ತೆರೆಯಿತು. 2003ರ ಜೂನಿನಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯರು ಆಗ ತಿಂಗಳಿಗೆ 5 ರೂಪಾಯಿಯ ಲೆಕ್ಕದಲ್ಲಿ ಕಟ್ಟಿದರೆ ಶಸ್ತ್ರಚಿಕಿತ್ಸೆಯ ಖರ್ಚು ಯೋಜನೆಯದಾಗಿತ್ತು. ಊರೂರಿಗೆ ಹಾಲಿನ ಡೈರಿ ಇರುವ ನಮ್ಮ ಸೀಮೆಗೆ ಇದು ದೊಡ್ಡ ಉಪಕಾರ. ಹೃದಯದ, ಕಣ್ಣಿನ, ಗರ್ಭಕೋಶದ ಆಪರೇಷನ್ನಿಗಾಗಿ ತೋಟ ಅಡವಿಡುವುದು ತಪ್ಪಿತು. ಆದರೆ ಇಂಥ ಯೋಜನೆಗಳೆಲ್ಲ ಆಪರೇಷನ್ನಿಗೆ ಹಣ ಕೊಡುತ್ತವೆ. ಪೆಸರಿ ಹಾಕಿ ಮೂರು ತಿಂಗಳಿಗೊಮ್ಮೆ ತೊಳೆದು ನೋಡುವುದಕ್ಕೆ, ಸ್ನಾಯುಗಳ ವ್ಯಾಯಾಮ ಹೇಳಿಕೊಡುವುದಕ್ಕೆ ಕೊಡುವುದಿಲ್ಲ. ಅಮೆರಿಕದ ಆರ್ನಾಲ್ಡ್ ಕೀಗಲ್ 1948ರಲ್ಲೇ ಆ ವ್ಯಾಯಾಮವನ್ನು ಬರೆದು ತೋರಿಸಿದ್ದರು. ಮೂತ್ರವನ್ನು ನಡುವೆ ತಡೆಯುವಂತೆ ಕೆಳಗಿನ ಸ್ನಾಯುಗಳನ್ನು ಒಳಕ್ಕೆ ಬಿಗಿಹಿಡಿದು ಬಿಡುವುದು, ಅಷ್ಟೇ. ಸ್ವಲ್ಪವೇ ಜಾರಿದವರಿಗೆ ಅದು ನಿಜವಾಗಿ ನೆರವಾಗುತ್ತದೆ. ಖರ್ಚು ಏನೂ ಇಲ್ಲ.

2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಸುದ್ದಿ ಹೊರಬಿತ್ತು. ಹೊಟ್ಟೆನೋವೆಂದು ಹೋದ ಎಳೆಯ ಹೆಂಗಸರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶ ತೆಗೆದಿದ್ದರು. ಹೀಗೇ ಗರ್ಭಕೋಶ ಕಳೆದುಕೊಂಡ ರಾಣೆಬೆನ್ನೂರು ತಾಲ್ಲೂಕಿನ ಲಂಬಾಣಿ ಹೆಂಗಸರು ಪರಿಹಾರ ಕೇಳಿ ಬೀದಿಗಿಳಿದರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರು ಗರ್ಭಕೋಶ ತೆಗೆಸಿಕೊಂಡ ಕಥೆ 2019ರಲ್ಲಿ ದೇಶವನ್ನೇ ಬೆಚ್ಚಿಸಿತು. 2015–16ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49ರ ವಯಸ್ಸಿನ ಭಾರತೀಯ ಹೆಂಗಸರಲ್ಲಿ ಗರ್ಭಕೋಶ ತೆಗೆಸಿದವರು ಶೇ 3.2 ಇದ್ದರೆ ಆಂಧ್ರದಲ್ಲಿ ಶೇ 8.9, ತೆಲಂಗಾಣದಲ್ಲಿ ಶೇ 7.7. ಡಾ. ನರೇಂದ್ರ ಗುಪ್ತ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಹೇಳಿತು.

ಈ ಗದ್ದಲದಲ್ಲಿ ಮರೆಯಾಗುವ ಒಂದು ಮಾತಿದೆ. ನಾನು ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ. ಗರ್ಭಕೋಶ ಜಾರುವುದು ಗರ್ಭಕೋಶದ ಕಾಯಿಲೆಯಲ್ಲ, ಅದನ್ನು ಹಿಡಿದ ಹಗ್ಗದ ಕಾಯಿಲೆ. ಗಡಿಗೆ ಬಿಸಾಡಿದರೆ ನೆಲುವು ರಿಪೇರಿಯಾಗುವುದಿಲ್ಲ. ಗರ್ಭಕೋಶ ತೆಗೆದ ಡಾಕ್ಟರು ಅಲ್ಲಿ ಉಳಿದ ಯೋನಿಯ ಮೇಲ್ತುದಿಯನ್ನು ಲಿಗಮೆಂಟುಗಳಿಗೆ ಗಟ್ಟಿಯಾಗಿ ಕಟ್ಟದೆ ಬಿಟ್ಟರೆ ಆ ತುದಿಯೇ ಮುಂದೊಂದು ದಿನ ಮಗುಚಿಕೊಂಡು ಕೆಳಗಿಳಿಯುತ್ತದೆ. ಆಗ ಮತ್ತೊಂದು ಆಪರೇಷನ್, ಮೊದಲಿನದಕ್ಕಿಂತ ಕಷ್ಟದ್ದು. ಅಮೆರಿಕದ ಒರೆಗಾನಿನಲ್ಲಿ 1997ರಲ್ಲಿ ಲೆಕ್ಕ ಹಾಕಿದರು. ಜಾರಿದ್ದಕ್ಕೋ ಮೂತ್ರ ಸೋರುವುದಕ್ಕೋ ಎಂಬತ್ತರ ವಯಸ್ಸಿನೊಳಗೆ ಆಪರೇಷನ್ ಆಗುವ ಸಂಭವ ನೂರಕ್ಕೆ 11. ಹಾಗೆ ಆಪರೇಷನ್ ಆದವರಲ್ಲಿ ನೂರಕ್ಕೆ 29 ಮಂದಿ ಅದೇ ತೊಂದರೆಗೆ ಮತ್ತೆ ಬಂದವರು. ಎಳೆಯ ವಯಸ್ಸಿನಲ್ಲಿ ಅಂಡಾಶಯವನ್ನೂ ಸೇರಿಸಿ ತೆಗೆದರೆ ಮೂಳೆ ಸವೆಯುತ್ತದೆ, ಹೃದಯಕ್ಕೆ ಅಪಾಯ ಹೆಚ್ಚುತ್ತದೆ.

ಶ್ರೀಮಂತ ದೇಶಗಳೂ ಎಡವಿವೆ. ಹರಿದ ಗೋಡೆಗೆ ಸೊಳ್ಳೆಪರದೆಯಂಥ ಪ್ಲಾಸ್ಟಿಕ್ ಬಲೆಯನ್ನು ಯೋನಿಯ ಮೂಲಕ ಇಟ್ಟು ಹೊಲಿಯುವುದು 2002ರಿಂದ ಅಮೆರಿಕದಲ್ಲಿ ಭರಾಟೆಯಾಯಿತು. ಬಲೆ ಮಾಂಸವನ್ನು ಕೊರೆದು ಹೊರಬಂದು ಸಾವಿರಾರು ಹೆಂಗಸರು ನರಳಿದರು. ಅಲ್ಲಿನ ಔಷಧ ಆಡಳಿತ 2008 ಮತ್ತು 2011ರಲ್ಲಿ ಎಚ್ಚರಿಕೆ ಕೊಟ್ಟಿತು, 2019ರ ಏಪ್ರಿಲಿನಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿತು. ಬ್ರಿಟನ್ನಿನಲ್ಲಿ 2018ರಲ್ಲೇ ತಡೆ ಬಿದ್ದಿತ್ತು. ಹೊಟ್ಟೆಯ ಮೂಲಕ ಕಟ್ಟುವ ಪಟ್ಟಿಗೆ ಈ ನಿಷೇಧ ತಾಗಲಿಲ್ಲ. ಈಗ ಲ್ಯಾಪ್ರೋಸ್ಕೋಪಿನಲ್ಲಿ ಸಣ್ಣ ತೂತುಗಳ ಮೂಲಕ ಬೆನ್ನುಮೂಳೆಯ ಬುಡಕ್ಕೆ ಪಟ್ಟಿ ಕಟ್ಟುವವರು ನಡೆಯುತ್ತಿರುವುದು ಶಿರೋಡ್ಕರರ ದಾರಿಯಲ್ಲೇ. ಇತ್ತ ನೇಪಾಳದಲ್ಲಿ 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಇಷ್ಟೊಂದು ಹೆಂಗಸರ ಗರ್ಭಕೋಶ ಜಾರಿ ನರಳುತ್ತಿರುವುದು ಅವರ ಸಂತಾನ ಹಕ್ಕಿನ ಭಂಗವೆಂದೇ ಸಾರಿತು.

2023ರಲ್ಲಿ ಇನ್ನೊಂದು ಸುದ್ದಿ ಬಂತು. ನೆದರ್ಲೆಂಡಿನ 26 ಆಸ್ಪತ್ರೆಗಳಲ್ಲಿ, ಗರ್ಭಕೋಶ ಉಳಿಸುವ ಎರಡು ಕ್ರಮಗಳನ್ನು 434 ಹೆಂಗಸರಲ್ಲಿ ಹೋಲಿಸಿ ನೋಡಿದ್ದರು. ಒಂದು, ಗರ್ಭಕಂಠವನ್ನು ಸೊಂಟದೊಳಗಿನ ಲಿಗಮೆಂಟಿಗೆ ಹೊಲಿಯುವ ಇತ್ತೀಚಿನ ಕ್ರಮ. ಇನ್ನೊಂದು, 1888ರ ಮ್ಯಾಂಚೆಸ್ಟರ್ ಆಪರೇಷನ್. ಎರಡು ವರ್ಷದ ನಂತರ ಹೊಸದು ಶೇ 77 ಮಂದಿಗೆ ಗುಣ ಕೊಟ್ಟಿತ್ತು, ಹಳೆಯದು ಶೇ 87 ಮಂದಿಗೆ. ಡೊನಾಲ್ಡ್ ಹೊಲಿದ ಹೊಲಿಗೆ ಮತ್ತೆ ಪುಸ್ತಕದ ಮೊದಲ ಪುಟಕ್ಕೆ ಬಂತು.

ಇಂದು ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ. ಎರಡೇ ಮಕ್ಕಳು. ನೀರು ನಲ್ಲಿಗೆ ಬಂದಿದೆ, ರಾಗಿ ಮಿಲ್ಲಿಗೆ ಹೋಗಿದೆ. ಹುಣ್ಣಾಗಿ ಹೊರಬಿದ್ದ ಸ್ಥಿತಿಯಲ್ಲಿ ಬರುವವರು ನಮ್ಮ ಸೊಸೆಯಂದಿರ ಕಾಲಕ್ಕೆ ವಿರಳವಾಗಬೇಕು, ಆಗುತ್ತಾರೆ. ಆದರೆ ಹಳೆಯ ಕಾಲದ ಹೆರಿಗೆಗಳನ್ನು ಹೊತ್ತ ತಾಯಂದಿರು, ಅಜ್ಜಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ, ಹೇಳದೆ ಇದ್ದಾರೆ.

ಈ ಸಾಲುಗಳನ್ನು ಓದುತ್ತಿರುವ ಗಂಡುಮಕ್ಕಳಲ್ಲಿ ನನ್ನದೊಂದು ಬೇಡಿಕೆ. ಅಮ್ಮನನ್ನು, ಅತ್ತೆಯನ್ನು ಕೇಳಿ; ನಾಚಿಕೆಯಾದರೆ ಹೆಂಡತಿಯಿಂದ, ಅಕ್ಕನಿಂದ ಕೇಳಿಸಿ. ಡಾಕ್ಟರ ಹತ್ತಿರ ನೀವೂ ಒಳಗೆ ಹೋಗಿ ಕೂತುಕೊಳ್ಳಿ. ವ್ಯಾಯಾಮ ಸಾಕೇ, ಪೆಸರಿ ಸಾಕೇ, ಉಳಿಸಿಕೊಂಡೇ ಕಟ್ಟಲು ಆಗುತ್ತದೆಯೇ ಎಂದು ಕೇಳಿ. ತೆಗೆಯಲೇಬೇಕು ಎಂದರೆ, ತೆಗೆದ ಮೇಲೆ ಮೇಲ್ತುದಿಯನ್ನು ಯಾವುದಕ್ಕೆ ಕಟ್ಟುತ್ತೀರಿ, ಅಂಡಾಶಯ ಬಿಡುತ್ತೀರಾ ಎಂದು ಕೇಳಿ. ಉತ್ತರ ಸಮಾಧಾನವಾಗದಿದ್ದರೆ ಇನ್ನೊಬ್ಬ ಡಾಕ್ಟರ ಬಳಿ ಹೋಗಿ. ಇದು ಇಂದೇ ನಾಳೆಯೇ ಜೀವ ತೆಗೆಯುವ ಕಾಯಿಲೆಯಲ್ಲ, ಕಿಬ್ಬನಹಳ್ಳಿ ಕ್ರಾಸಿನಿಂದ ತುಮಕೂರಿಗೂ ಬೆಂಗಳೂರಿಗೂ ದಿನವಿಡೀ ಬಸ್ಸಿದೆ.